ಆಟದೊಳಗಿನ ಊರು: ನಕ್ಷೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಡುವವರು ಒಂದು ಪಾತ್ರವಾಗಿ ಊರೂರು ತಿರುಗಿ ಕಥೆಯನ್ನು ಮುಂದೊಯ್ಯುವ ರೋಲ್‌ಪ್ಲೇಯಿಂಗ್ ಗೇಮ್‌ಗಳನ್ನು ತಾವೇ ಕಟ್ಟಲು ಹೊರಟವರು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಲ್ಲಿ ಈಗ ಅಲ್ಲಲ್ಲಿ ಸಿಗುತ್ತಾರೆ. ಅವರೊಡನೆ ಆಡಿದ ಮಾತುಗಳಲ್ಲಿ, ಅವರು ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆದಷ್ಟು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಲೆಕ್ಕ ಬಂದ ಕಡೆಯೆಲ್ಲ ಇಂಥ ಆಟಗಳನ್ನು ಕಟ್ಟುವ ಸಾಫ್ಟ್‌ವೇರ್ ಆದ ಆರ್‌ಪಿಜಿ ಮೇಕರ್ ಎಂವಿಯ (ಮುಂದೆ ಬರೀ ಎಂವಿ) ಮೂಲ ಹೊಂದಿಕೆಗಳನ್ನು ಹಿಡಿದಿದ್ದೇನೆ, ಏಕೆಂದರೆ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಕೆಲಸ ಕಲಿಯುವುದು ಅದರಲ್ಲಿಯೇ.

## ಮೊದಲ ಗೆರೆ ಎಳೆಯುವ ಮುನ್ನ

ಊರಿನ ನಕ್ಷೆ ಅಂದ್ರ ಮನಿ, ಗುಡಿ, ಅಂಗಡಿ ಜೋಡಿಸೋದಷ್ಟ ಅಲ್ಲೇನ್ರಿ?

ಕಟ್ಟಡಗಳನ್ನು ಜೋಡಿಸುವುದು ಈ ಕೆಲಸದ ಕೊನೆಯ ಭಾಗ. ಆಡುವವರು ಬಳಸುವುದು ಕಟ್ಟಡಗಳ ನಡುವೆ ಉಳಿದ ನೆಲವನ್ನು. ಅವರು ಕಾಡಿನಲ್ಲಿ ಹೋರಾಡಿ, ದಣಿದು, ಚೀಲ ಬರಿದು ಮಾಡಿಕೊಂಡು ಊರಿಗೆ ಬಂದಿರುತ್ತಾರೆ. ಅವರಿಗೆ ತಂಗಲು ಒಂದು ಛತ್ರ ಬೇಕು, ಮದ್ದು ಕೊಳ್ಳಲು ಅಂಗಡಿ ಬೇಕು, ಕತ್ತಿ ಸರಿಮಾಡಿಸಲು ಕಮ್ಮಾರನ ಕುಲುಮೆ ಬೇಕು, ಮುಂದೆ ಎತ್ತ ಹೋಗಬೇಕೆಂದು ಹೇಳುವ ಒಬ್ಬ ಮನುಷ್ಯ ಬೇಕು. ಈ ನಾಲ್ಕು ಯಾವ ಕ್ರಮದಲ್ಲಿ ಕಣ್ಣಿಗೆ ಬೀಳುತ್ತವೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಏನೇನು ಎದುರಾಗುತ್ತದೆ ಎಂಬುದನ್ನು ನಿರ್ಧರಿಸುವುದೇ ನಕ್ಷೆ ಬರೆಯುವುದು. ನಾನು ಹಾಳೆಯ ಮೇಲೆ ಮೊದಲು ನಡಿಗೆಯನ್ನು ಬರೆಯುತ್ತೇನೆ, ಗೋಡೆಗಳನ್ನು ಆಮೇಲೆ ಎಬ್ಬಿಸುತ್ತೇನೆ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಅಭ್ಯಾಸದಿಂದಲೇ ಹುಟ್ಟಿದವು.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಆದರೂ ಮಾಡಬಹುದೇ?

ಖಂಡಿತ ಮಾಡಬಹುದು. ಚಿಕ್ಕ ಮಕ್ಕಳು ಲೆಕ್ಕ ಬರೆಯುವ ಚೌಕದ ನೋಟ್‌ಬುಕ್, ಪೆನ್ಸಿಲ್ ಮತ್ತು ರಬ್ಬರ್ ಇದ್ದರೆ ಮೊದಲ ನಕ್ಷೆಗೆ ಸಾಕು. ಒಂದು ಮನೆಯಷ್ಟನ್ನು ಒಂದು ಚೌಕವೆಂದು ಹಿಡಿಯಿರಿ. ನೆಲ, ಗೋಡೆ, ಮರಗಳ ಸಿದ್ಧ ಟೈಲ್‌ಗಳು, ಅಂದರೆ ಜೋಡಿಸಿದರೆ ನಕ್ಷೆಯಾಗುವ ಚೌಕ ಚಿತ್ರದ ತುಂಡುಗಳು, ಸಿಗುತ್ತವೆ. ಅವನ್ನು ಬಳಸುವ ಮುನ್ನ ಪರವಾನಗಿಯನ್ನು ಪೂರ್ತಿ ಓದಿ, ಮಾರುವ ಆಟದಲ್ಲಿ ಬಳಸಲು ಒಪ್ಪಿಗೆ ಇದೆಯೇ, ಬರೆದವರ ಹೆಸರು ಹಾಕಬೇಕೇ ಎಂಬುದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ಯಾವ ಸಾಫ್ಟ್‌ವೇರ್ ಛಲೋ?

ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಆರ್‌ಪಿಜಿ ಮೇಕರ್ ಸುಲಭ, ಆದರೆ ಅದನ್ನು ಕೊಳ್ಳಬೇಕು. ಹಣ ಹಾಕದೆ ಕಲಿಯಬೇಕೆಂದರೆ ಗೋಡೋ ಎಂಬ ಎಂಜಿನ್ (ಆಟವನ್ನು ಕಟ್ಟಿ ಓಡಿಸುವ ತಂತ್ರಾಂಶ) ಇದೆ, ನಕ್ಷೆಯನ್ನಷ್ಟೇ ಬರೆಯಲು ಟೈಲ್ಡ್ ಎಂಬ ಸಲಕರಣೆ ಇದೆ. ಎರಡೂ ಮುಕ್ತ ತಂತ್ರಾಂಶಗಳು. ಟೈಲ್ಡ್‌ನಲ್ಲಿ ಬರೆದ ನಕ್ಷೆಯನ್ನು ಹಲವು ಎಂಜಿನ್‌ಗಳಿಗೆ ಒಯ್ಯಬಹುದು. ಯಾವುದನ್ನಾದರೂ ಹಿಡಿಯಿರಿ, ಒಂದು ಊರು ಮುಗಿಯುವವರೆಗೆ ಬಿಡಬೇಡಿ.

ಮೊದಲು ರಸ್ತೆ ಬರೆಯಬೇಕೋ, ಮನೆಗಳನ್ನೋ?

ಎರಡಕ್ಕೂ ಮೊದಲು ನೀರನ್ನು ಬರೆಯಿರಿ. ಕೆರೆ, ಹಳ್ಳ, ಬಾವಿ ಇವುಗಳಲ್ಲಿ ಒಂದಾದರೂ ಇಲ್ಲದ ಕಡೆ ಊರು ಹುಟ್ಟುವುದಿಲ್ಲ, ಹುಟ್ಟಿದೆ ಎಂದು ಬರೆದರೆ ಆಡುವವರ ಮನಸ್ಸು ಒಪ್ಪುವುದಿಲ್ಲ. ಎರಡನೆಯದಾಗಿ ಊರಿನ ಹೊಟ್ಟೆಪಾಡನ್ನು ಬರೆಯಿರಿ. ಸುತ್ತಲಿನ ಯರಿ ಭೂಮಿಯ ಹತ್ತಿ ಮತ್ತು 19ನೇ ಶತಮಾನದ ಕೊನೆಗೆ ಬಂದ ರೈಲು ಎರಡೂ ಸೇರಿ ಹುಬ್ಬಳ್ಳಿಯನ್ನು ವ್ಯಾಪಾರದ ಊರನ್ನಾಗಿ ಬೆಳೆಸಿದವು. ಗದಗಕ್ಕೆ ಅಂಟಿಕೊಂಡ ಬೆಟಗೇರಿಯಲ್ಲಿ ನೇಕಾರರ ಮಗ್ಗಗಳಿದ್ದವು. ನಿಮ್ಮ ಆಟದ ಊರು ಏನನ್ನು ತಿಂದು, ಏನನ್ನು ಮಾರಿ ಬದುಕುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಲು ಬರುವವರೆಗೆ ಪೆನ್ಸಿಲ್ ಕೆಳಗಿಡಿ.

ಮೂರನೆಯದು ಹೊರಗಿನಿಂದ ಬರುವ ದಾರಿ ಮತ್ತು ಅದು ಊರನ್ನು ಮುಟ್ಟುವ ಜಾಗ. ನಮ್ಮ ಕಡೆಯ ಹಳೆಯ ಹಳ್ಳಿಗಳಲ್ಲಿ ಆ ಜಾಗಕ್ಕೆ ಅಗಸಿ ಎನ್ನುತ್ತೇವೆ. ಅಗಸಿ ದಾಟಿದೊಡನೆ ಒಂದು ಬಯಲು, ಹನುಮಪ್ಪನ ಗುಡಿ, ಹಿರಿಯರು ಕೂರುವ ಕಟ್ಟೆ, ಚಾವಡಿ ಹತ್ತಿರ ಹತ್ತಿರ ಸಿಗುತ್ತವೆ, ಅಲ್ಲಿಂದ ಓಣಿಗಳು ಒಡೆಯುತ್ತವೆ. ಹೊಸಬರು ಬಂದರೆ ಊರಿನ ಕಣ್ಣಿಗೆ ಮೊದಲು ಬೀಳುವುದು ಅಲ್ಲಿ. ಆಟದ ಊರಿಗೂ ಇದಕ್ಕಿಂತ ಒಳ್ಳೆಯ ಮೊಗಸಾಲೆಯನ್ನು ನಾನು ಕಂಡಿಲ್ಲ, ಏಕೆಂದರೆ ಆಡುವವರೂ ಆ ಊರಿಗೆ ಹೊಸಬರೇ. ಮಾತನಾಡಿಸುವ ಮೊದಲ ಮನುಷ್ಯನನ್ನು ಆ ಕಟ್ಟೆಯ ಮೇಲೆ ಕೂರಿಸಿ. ಮನೆಗಳನ್ನು ತುಂಬುವುದು ಇಷ್ಟೆಲ್ಲ ಆದ ಮೇಲೆ.

ಊರು ಎಷ್ಟು ದೊಡ್ಡದಿರಬೇಕ್ರಿ? ದೊಡ್ಡದಾದಷ್ಟು ಛಲೋ ಅಲ್ಲೇನ್ರಿ?

ಊರಿನ ಅಳತೆಯನ್ನು ಸೆಕೆಂಡುಗಳಲ್ಲಿ ಹಿಡಿಯಬೇಕು. ಎಂವಿಯಲ್ಲಿ ಒಂದು ಚೌಕಕ್ಕೆ, ಅಂದರೆ ಒಂದು ಟೈಲ್‌ಗೆ, 48 ಪಿಕ್ಸೆಲ್. ಪರದೆಯ ಅಗಲ 816 ಪಿಕ್ಸೆಲ್, ಎತ್ತರ 624 ಪಿಕ್ಸೆಲ್. ಅಂದರೆ ಒಮ್ಮೆಗೆ 17 ಚೌಕ ಅಗಲ, 13 ಚೌಕ ಎತ್ತರದ ನೆಲ ಕಾಣುತ್ತದೆ. ಪಾತ್ರದ ಸಾಮಾನ್ಯ ವೇಗದಲ್ಲಿ ಒಂದು ಚೌಕ ದಾಟಲು 16 ಫ್ರೇಮ್, ಅಂದರೆ ಪರದೆಯ ಚಿತ್ರ 16 ಸಲ ಬದಲಾಗುವಷ್ಟು ಹೊತ್ತು, ಬೇಕು. ಸೆಕೆಂಡಿಗೆ 60 ಫ್ರೇಮ್ ಓಡುವುದರಿಂದ ನಡಿಗೆ ಸೆಕೆಂಡಿಗೆ 3.75 ಚೌಕ, ಓಟ 7.5 ಚೌಕ.

ನನ್ನ ಮೊದಲ ಊರು 150×150 ಚೌಕದ್ದಾಗಿತ್ತು. ಛತ್ರವನ್ನು ವಾಯವ್ಯ ಮೂಲೆಯಲ್ಲಿ, ಮದ್ದಿನ ಅಂಗಡಿಯನ್ನು ಆಗ್ನೇಯ ಮೂಲೆಯಲ್ಲಿ ಇಟ್ಟಿದ್ದೆ. ಪಾತ್ರ ಓರೆಯಾಗಿ ನಡೆಯುವುದಿಲ್ಲವಾದ್ದರಿಂದ ನಡುವಿನ ದಾರಿ ಸುಮಾರು 230 ಚೌಕವಾಯಿತು. ಹೋಗಲು ಒಂದು ನಿಮಿಷ, ಬರಲು ಒಂದು ನಿಮಿಷ. ಅಕ್ಕನ ಮಗ ಅದನ್ನು ಆಡುವಾಗ ನಾನು ಹಿಂದೆ ಕುಳಿತಿದ್ದೆ. ಮೂರನೆಯ ಸಲ ಅಂಗಡಿಗೆ ಹೋಗಬೇಕಾಗಿ ಬಂದಾಗ ಅವನು ಏನೂ ಹೇಳಲಿಲ್ಲ, ಕೀಬೋರ್ಡಿನಿಂದ ಕೈ ತೆಗೆದು ನನ್ನ ಮುಖ ನೋಡಿದ. ಎರಡು ತಿಂಗಳು ಕೂತು ಬರೆದಿದ್ದ ಆ ನಕ್ಷೆಯನ್ನು ಅಂದೇ ಅಳಿಸಿ 51×39ಕ್ಕೆ, ಅಂದರೆ ಮೂರು ಪರದೆ ಅಗಲ, ಮೂರು ಪರದೆ ಎತ್ತರಕ್ಕೆ ಇಳಿಸಿದೆ.

ಅಂದಿನಿಂದ ಪದೇ ಪದೇ ಹೋಗಬೇಕಾದ ಯಾವ ಎರಡು ಜಾಗಗಳ ನಡುವೆಯೂ 30 ಚೌಕಕ್ಕಿಂತ, ಎಂದರೆ 8 ಸೆಕೆಂಡಿನ ನಡಿಗೆಗಿಂತ ಹೆಚ್ಚು ಅಂತರ ಬಿಟ್ಟಿಲ್ಲ. ಕಥೆಯಲ್ಲಿ ಒಂದೇ ಸಲ ಹೋಗುವ ಗುಡಿಯೋ ಮಠವೋ ದೂರವಿದ್ದರೆ ಚಿಂತೆಯಿಲ್ಲ, ಆ ದೂರಕ್ಕೆ ಒಂದು ಗಾಂಭೀರ್ಯ ಬರುತ್ತದೆ. ಹಳ್ಳಿಗೆ ಎರಡು ಪರದೆ ಅಗಲ, ಎರಡು ಪರದೆ ಎತ್ತರ ಸಾಕು.

## ಹಳ್ಳಿ ಮತ್ತು ಸಣ್ಣ ಊರು

ಮನಿ ಎಲ್ಲಾ ಒಂದ ಥರ ಕಾಣ್ತಾವ. ಬಣ್ಣ ಬದಲಿಸಿದ್ರೂ ಅಷ್ಟ. ಏನ್ ಮಾಡ್ಲಿ?

ಬಣ್ಣವನ್ನು ಬಿಟ್ಟು ಮಳೆಯನ್ನು ನೋಡಿ. ಧಾರವಾಡದ ಪಶ್ಚಿಮಕ್ಕೆ ಮಲೆನಾಡಿನ ಸೆರಗು ಶುರುವಾಗುತ್ತದೆ, ಅಲ್ಲಿ ಇಳಿಜಾರಿನ ಹಂಚಿನ ಮನೆಗಳು. ಪೂರ್ವಕ್ಕೆ ನವಲಗುಂದ, ನರಗುಂದ, ರೋಣದ ಕಡೆ ಮಳೆ ಕಡಿಮೆ, ಅಲ್ಲಿನ ಹಳೆಯ ಮನೆಗಳಿಗೆ ಮಣ್ಣಿನ ಸಪಾಟು ಮಾಳಿಗೆ. ನಿಮ್ಮ ಊರಿನಲ್ಲಿ ಎಷ್ಟು ಮಳೆ ಬೀಳುತ್ತದೆ, ಹತ್ತಿರದಲ್ಲಿ ಕಲ್ಲು ಸಿಗುತ್ತದೆಯೋ ಮಣ್ಣು ಸಿಗುತ್ತದೆಯೋ ಎಂಬುದನ್ನು ಮೊದಲು ಗೊತ್ತುಮಾಡಿದರೆ ಮನೆಯ ರೂಪ ತಾನಾಗಿ ಬರುತ್ತದೆ.

ಮಾಳಿಗೆ ಮನೆಯನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಮೇಲಿನಿಂದ ನೋಡುವ ಆಟದಲ್ಲಿ ಮನೆಯ ಅತಿ ದೊಡ್ಡ ಭಾಗವಾಗಿ ಕಾಣುವುದು ಮಾಳಿಗೆಯೇ, ಅದರ ಮೇಲೆ ಬದುಕಿನ ಗುರುತುಗಳೂ ಹೆಚ್ಚು. ಒಳಗೆ ಬೆಳಕು ಬೀಳಲು ಬಿಟ್ಟ ಬೆಳಕಿಂಡಿ, ಮಳೆ ಬಂದರೆ ಅದನ್ನು ಮುಚ್ಚಲು ಪಕ್ಕದಲ್ಲಿಯೇ ಇಟ್ಟ ಹಾಸುಗಲ್ಲು, ನೀರು ಹೊರಗೆ ಬೀಳುವ ದೋಣಿ, ಹಳೆಯ ಸೀರೆಯ ಮೇಲೆ ಹರಡಿದ ಶಾಂಡಿಗೆ, ಬೇಸಿಗೆಯಲ್ಲಿ ಮಲಗಲು ಒಯ್ದ ಚಾಪೆ. ಒಂದು ಮಾಳಿಗೆಗೆ ಇವುಗಳಲ್ಲಿ ಎರಡನ್ನು ಮಾತ್ರ ಇಡಿ, ಪಕ್ಕದ ಮಾಳಿಗೆಗೆ ಬೇರೆ ಎರಡನ್ನು. ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿದ್ದರೆ ಮಾಳಿಗೆಯಿಂದ ಮಾಳಿಗೆಗೆ ದಾಟಿ ಹೋಗುವ ಎರಡನೆಯ ದಾರಿಯೂ ನಿಮಗೆ ಪುಕ್ಕಟೆ ಸಿಗುತ್ತದೆ. ಕಳ್ಳನ ಬೆನ್ನಟ್ಟುವ ಪ್ರಸಂಗಕ್ಕೆ ಇದಕ್ಕಿಂತ ಬೇರೇನು ಬೇಕು!

ಓಣಿ ಅಗಲ ಎಷ್ಟಿರಬೇಕು? ಸೊಟ್ಟ ಓಣಿ ಚೆಂದವೋ, ನೆಟ್ಟಗಿನದೋ?

ಒಂದು ಚೌಕದ ಓಣಿಯನ್ನು ಬರೆಯಬೇಡಿ. ಅದರಲ್ಲಿ ಒಬ್ಬ ಊರಿನವನು ಬಂದು ನಿಂತರೆ ಆಡುವವರಿಗೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಎರಡು ಚೌಕ ಕನಿಷ್ಠ, ಜನ ಓಡಾಡುವ ಓಣಿಗೆ ಮೂರು, ಪೇಟೆ ಬೀದಿಗೆ ಐದು.

ಸೊಟ್ಟಗೋ ನೆಟ್ಟಗೋ ಎಂಬುದು ಓಣಿಯ ವಯಸ್ಸಿಗೆ ಬಿಟ್ಟದ್ದು. ಹುಬ್ಬಳ್ಳಿಯಲ್ಲಿ ದುರ್ಗದ ಬೈಲಿನ ಸುತ್ತಲಿನ ಹಳೆಯ ಓಣಿಗಳು ಮನೆಗಳು ಎದ್ದಂತೆ ಬಾಗುತ್ತ ಹೋದವು. ನವನಗರದಂಥ ಬಡಾವಣೆಯಲ್ಲಿ ಮೊದಲು ರಸ್ತೆ ಎಳೆದು ಆಮೇಲೆ ಮನೆ ಕಟ್ಟಿದರು. ಒಂದೇ ನಕ್ಷೆಯಲ್ಲಿ ಎರಡನ್ನೂ ತಂದರೆ ಯಾವ ಭಾಗ ಹಳೆಯದು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಚೌಕದ ನಕ್ಷೆಯಲ್ಲಿ ಬಾಗನ್ನು ಮೆಟ್ಟಿಲಿನ ಹಾಗೆ ಒಂದೊಂದೇ ಚೌಕ ಸರಿಸಿ ಬರೆದರೆ ನಡೆಯುವವರು ಹೆಜ್ಜೆ ಹೆಜ್ಜೆಗೂ ಕೀ ಬದಲಿಸಬೇಕಾಗುತ್ತದೆ. ಆರೆಂಟು ಚೌಕ ನೆಟ್ಟಗೆ ಹೋಗಿ, ಒಮ್ಮೆಲೆ ಎರಡು ಮೂರು ಚೌಕ ಸರಿದು, ಮತ್ತೆ ನೆಟ್ಟಗೆ ಹೋಗಲಿ.

ಊರಿನ ಎಲ್ಲ ಬಾಗಿಲೂ ತೆರೆಯಬೇಕೇ?

ಬೇಕಿಲ್ಲ, ಆದರೆ ತೆರೆಯುವ ಬಾಗಿಲಿಗೂ ತೆರೆಯದ ಬಾಗಿಲಿಗೂ ಇರುವ ಭೇದ ದೂರದಿಂದಲೇ ಕಾಣಬೇಕು. ನಾನು ತೆರೆಯುವ ಬಾಗಿಲಿನ ಮುಂದೆ ರಂಗೋಲಿ ಹಾಕುತ್ತೇನೆ, ತೆರೆಯದ ಮನೆಗೆ ಬೀಗ ಬರೆಯುತ್ತೇನೆ. ಮೊದಲ ಊರಿನಲ್ಲಿ ಮಾಡಿದ ಈ ಒಪ್ಪಂದವನ್ನು ಆಟದ ಕೊನೆಯವರೆಗೆ ಮುರಿಯಬೇಡಿ. ಮನೆಯ ಒಳಭಾಗ ಹೊರಗಿನ ಅಳತೆಗಿಂತ ದೊಡ್ಡದಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಬಾಗಿಲು ಹೊರಗೆ ಎಡಕ್ಕಿದ್ದು ಒಳಗೆ ಬಲಕ್ಕಿದ್ದರೆ ಮಾತ್ರ ಎಲ್ಲರೂ ತಡವರಿಸುತ್ತಾರೆ.

ಸಂತಿ ಬರದೇನಿ, ಅಂಗಡಿ ಇಟ್ಟೇನಿ, ಮಂದಿ ಇಟ್ಟೇನಿ. ಆದ್ರೂ ಸತ್ತಂಗ ಕಾಣತದ. ಯಾಕ?

ಬಹುಶಃ ಅಂಗಡಿಗಳಿವೆ, ಕೆಲಸಗಳಿಲ್ಲ. ಜನವರಿಯಿಂದ ಮಾರ್ಚ್ ಒಳಗೆ ಒಂದು ದಿನ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ಬನ್ನಿ. ಕಣ್ಣಿಗೆ ಕಾಣುವ ಮೊದಲೇ ಗಂಟಲಿಗೆ ಅದು ಗೊತ್ತಾಗುತ್ತದೆ. ಚೀಲಗಳನ್ನು ಸಾಲಾಗಿ ಇಳಿಸಿರುತ್ತಾರೆ. ಬಾಯಿ ಬಿಚ್ಚಿದ ಒಂದು ಚೀಲದ ಮುಂದೆ ಕೊಳ್ಳುವವನು ಕುಕ್ಕರುಗಾಲಿನಲ್ಲಿ ಕುಳಿತು ಒಂದು ಕಾಯಿಯನ್ನು ಮುರಿಯುತ್ತಾನೆ, ಬೀಜ ನೋಡುತ್ತಾನೆ, ಸಿಪ್ಪೆಯನ್ನು ಬೆರಳಿನಲ್ಲಿ ತಿಕ್ಕಿ ಬಣ್ಣ ನೋಡುತ್ತಾನೆ. ಗಿಡ್ಡಗೆ ದುಂಡಗಿದ್ದರೆ ಡಬ್ಬಿ, ಉದ್ದಕ್ಕೆ ತೆಳ್ಳಗಿದ್ದರೆ ಕಡ್ಡಿ. ಮೂಗಿಗೆ ಟವೆಲ್ ಕಟ್ಟಿದ ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಕಾಟಾದ ಕಡೆ ನಡೆಯುತ್ತಾರೆ. ಬೆಳೆದು ತಂದ ರೈತನಿಗೆ ಆ ಹೊತ್ತಿನಲ್ಲಿ ಮಾಡಲು ಏನೂ ಇಲ್ಲ. ಅವನು ದಲಾಲಿ ಅಂಗಡಿಯ ಮೆಟ್ಟಿಲ ಮೇಲೆ ಚಹಾದ ಕಪ್ಪು ಹಿಡಿದು ಕುಳಿತಿರುತ್ತಾನೆ, ಕಣ್ಣು ಮಾತ್ರ ತನ್ನ ಚೀಲಗಳ ಮೇಲೆ.

ಇಳಿಸುವುದು, ತೆರೆದು ತೋರಿಸುವುದು, ತೂಗುವುದು, ಹೊತ್ತೊಯ್ಯುವುದು ಎಂಬ ನಾಲ್ಕು ಕೆಲಸಗಳು ಒಂದರ ಮುಂದೆ ಒಂದು ನಡೆಯುವಂತೆ ಜಾಗ ಹಂಚಿ, ಕಾಯುವವರಿಗೆ ಒಂದು ಮೆಟ್ಟಿಲು ಕೊಡಿ. ನಿಮ್ಮ ಕಥೆಗೆ ಬೇಕಾದ ಮಾತುಗಳನ್ನು ಕಾಯುವವರ ಬಾಯಲ್ಲಿ ಇಡಿ. ತೂಗುವವನಿಗೆ ಮಾತನಾಡಲು ಪುರಸೊತ್ತಿಲ್ಲ, ಅವನು ಒಂದು ಶಬ್ದದಲ್ಲಿ ಉತ್ತರಿಸಲಿ. ಹತ್ತು ಜನ ಸುಮ್ಮನೆ ಅತ್ತಿತ್ತ ಸುಳಿದಾಡುವುದಕ್ಕಿಂತ ನಾಲ್ಕು ಜನ ಒಂದೊಂದು ಕೆಲಸ ಹಿಡಿದಿದ್ದರೆ ಸಂತೆ ಉಸಿರಾಡುತ್ತದೆ.

## ನಗರ

ಆಡಿದವರು ನನ್ನ ನಗರದಲ್ಲಿ ದಾರಿ ತಪ್ಪುತ್ತಾರೆ. ಮೂಲೆಯಲ್ಲಿ ಸಣ್ಣ ನಕ್ಷೆ ಹಾಕಿಬಿಡಲೇ?

ಹಾಕಬಹುದು, ಆದರೆ ಹಾಕಿದ ಮೇಲೆ ಅವರು ನಿಮ್ಮ ನಗರವನ್ನು ಬಿಟ್ಟು ಮೂಲೆಯ ಚುಕ್ಕಿಯನ್ನೇ ನೋಡುತ್ತ ನಡೆಯುತ್ತಾರೆ. ಮೊದಲು ನಗರವನ್ನು ಸರಿಪಡಿಸಿ. ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ನಗರಗಳ ಜನರು ತಮ್ಮ ಊರನ್ನು ಮನಸ್ಸಿನಲ್ಲಿ ಹೇಗೆ ಇಟ್ಟುಕೊಂಡಿದ್ದಾರೆ ಎಂದು ಅಭ್ಯಸಿಸಿ, 1960ರಲ್ಲಿ ಐದು ಅಂಶಗಳನ್ನು ಗುರುತಿಸಿದರು: ದಾರಿ, ಅಂಚು, ಪ್ರದೇಶ, ಕೂಡುವ ಜಾಗ ಮತ್ತು ಹೆಗ್ಗುರುತು. ಹುಬ್ಬಳ್ಳಿಯಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ, ಇದು ಎಷ್ಟು ನಿಜವೆಂದು ತಿಳಿಯುತ್ತದೆ. ಚೆನ್ನಮ್ಮ ಸರ್ಕಲ್‌ನಲ್ಲಿ ಇಳಿಯಿರಿ ಎನ್ನುತ್ತಾರೆ, ಅದು ಕೂಡುವ ಜಾಗ. ಕೊಪ್ಪೀಕರ್ ರಸ್ತೆ ಹಿಡಿಯಿರಿ ಎನ್ನುತ್ತಾರೆ, ಅದು ದಾರಿ. ಕೇಶ್ವಾಪುರ ಒಂದು ಪ್ರದೇಶ, ಉಣಕಲ್ ಕೆರೆಯ ದಂಡೆ ಒಂದು ಅಂಚು, ನೃಪತುಂಗ ಬೆಟ್ಟ ಹೆಗ್ಗುರುತು. ಉತ್ತರಕ್ಕೆ ತಿರುಗಿ, ಪೂರ್ವಕ್ಕೆ ಹೋಗಿ ಎಂದು ಯಾರೂ ಹೇಳುವುದಿಲ್ಲ.

ಮೇಲಿನಿಂದ ಕಾಣುವ ಆಟದಲ್ಲಿ ದೂರದ ಗೋಪುರ ಪರದೆಯೊಳಗೆ ಬರುವುದಿಲ್ಲ ಎಂಬುದು ಇಲ್ಲಿನ ಕಷ್ಟ. ಆದ್ದರಿಂದ ಹೆಗ್ಗುರುತನ್ನು ನೆಲಕ್ಕೆ ಇಳಿಸಬೇಕಾಗುತ್ತದೆ. ಮಠಕ್ಕೆ ಹೋಗುವ ದಾರಿಗೆ ಹಾಸುಗಲ್ಲು, ಪೇಟೆಗೆ ಹೋಗುವ ದಾರಿಗೆ ಗಾಡಿಯ ಚಕ್ರದ ಗೆರೆ, ಕೆರೆಗೆ ಹೋಗುವ ದಾರಿಗೆ ಸಾಲುಮರ ಎಂದು ಗೊತ್ತುಮಾಡಿ. ಎರಡು ಕವಲುಗಳು ಒಂದೇ ರೀತಿ ಕಂಡರೆ ಒಂದನ್ನು ಬದಲಿಸಿ.

ಹುಬ್ಬಳ್ಳಿ-ಧಾರವಾಡದಂಥ ಅವಳಿ ನಗರ ಮಾಡಬೇಕೆಂದಿದ್ದೇನೆ. ಒಂದು ನಕ್ಷೆಯೋ, ಎರಡೋ?

ಎರಡು ಮಾಡಿ, ನಡುವೆ ಒಂದು ಚಿಕ್ಕ ದಾರಿಯ ನಕ್ಷೆ ಇಡಿ. 1962ರಲ್ಲಿ ಎರಡೂ ಸೇರಿ ಒಂದೇ ಮಹಾನಗರ ಪಾಲಿಕೆಯಾಯಿತು. ನಡುವಿನ ದೂರ ಸುಮಾರು 20 ಕಿಲೋಮೀಟರ್, ಬಸ್ಸಿಗೆಂದೇ ಮೀಸಲಾದ ರಸ್ತೆಯೂ ಬಂದಿದೆ. ಆದರೂ ಹುಬ್ಬಳ್ಳಿ ವ್ಯಾಪಾರದ ಗಡಿಬಿಡಿಯ ಊರಾಗಿಯೇ, ಧಾರವಾಡ ಕಾಲೇಜು, ಸಂಗೀತ, ಕೆರೆ, ದಿಣ್ಣೆಗಳ ಊರಾಗಿಯೇ ಉಳಿದಿವೆ. ಅವಳಿ ನಗರವನ್ನು ಬರೆಯುವ ಸುಖವೆಲ್ಲ ಈ ಭೇದದಲ್ಲಿದೆ. ಒಂದರಲ್ಲಿ ಬೀದಿ ಕಿರಿದು, ಸದ್ದು ಹೆಚ್ಚು, ಅಂಗಡಿಗಳು ರಸ್ತೆಗೆ ಚಾಚಿರಲಿ. ಇನ್ನೊಂದರಲ್ಲಿ ಏರಿಳಿತ, ಮರ, ಕಾಂಪೌಂಡಿನ ಮನೆಗಳಿರಲಿ. ಎರಡೂ ಕಡೆ ಬೇಕಾದದ್ದೆಲ್ಲ ಸಿಕ್ಕರೆ ಯಾರೂ ನಡುವಿನ ದಾರಿ ತುಳಿಯುವುದಿಲ್ಲ. ಆದ್ದರಿಂದ ಕಮ್ಮಾರನನ್ನು ಒಂದು ಕಡೆ, ಪಂಡಿತನನ್ನು ಇನ್ನೊಂದು ಕಡೆ ಇಡಿ. ಊರುಗಳು ಒಂದಕ್ಕೊಂದು ಹೊಲಿದಂತೆ ಕೂಡಿರಬೇಕೆಂದಿದ್ದರೆ ಗದಗ-ಬೆಟಗೇರಿ ಒಳ್ಳೆಯ ಮಾದರಿ. ಆಗ ಒಂದೇ ನಕ್ಷೆ ಸಾಕು.

ನಗರ ಭಾಳ ದೊಡ್ಡದ ಅನ್ನಿಸಬೇಕ್ರಿ, ಆದ್ರ ಮಾಡಾಂವ ನಾ ಒಬ್ಬನ

ಮೂರು ಓಣಿಗಳನ್ನು ಮನಸ್ಸಿಟ್ಟು ಬರೆಯಿರಿ, ಉಳಿದ ನಗರವನ್ನು ಸೂಚಿಸಿ. ಮುಚ್ಚಿದ ಕಮಾನಿನ ಆಚೆಗೆ ಹಂಚಿನ ಮಾಡುಗಳ ಸಾಲು ಕಾಣಲಿ. ನದಿಯ ಆ ದಂಡೆಯಲ್ಲಿ ದೀಪಗಳಿರಲಿ, ಅಲ್ಲಿಗೆ ಹೋಗುವ ಸೇತುವೆ ದುರಸ್ತಿಯಲ್ಲಿರಲಿ. ಖಾನಾವಳಿಯಲ್ಲಿ ಊಟಕ್ಕೆ ಕುಳಿತವರು ಆಡುವವರು ಎಂದೂ ಕಾಣದ ಪೇಟೆಗಳ ಹೆಸರು ಹೇಳಲಿ. ಖಾಲಿ ಬೀದಿಗಳಿಂದ ನಗರ ದೊಡ್ಡದಾಗುವುದಿಲ್ಲ.

ನಮ್ಮೂರನ್ನ ಇದ್ದಂಗ ಆಟದಾಗ ತರಬಹುದೇನ್ರಿ?

ಇದ್ದ ಅಳತೆಯಲ್ಲಿ ತಂದರೆ ಆಟ ನಡೆಯುವುದಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರಂ 1,507 ಮೀಟರ್ ಉದ್ದವಿದೆ, ಜಗತ್ತಿನಲ್ಲಿಯೇ ಅತಿ ಉದ್ದದ್ದೆಂದು ಹೆಸರಾಗಿದೆ. ಚೌಕಕ್ಕೆ ಒಂದು ಮೀಟರ್ ಎಂದು ಹಿಡಿದರೆ ಆ ತುದಿಯಿಂದ ಈ ತುದಿಗೆ ನಡೆಯಲು ಆರೂವರೆ ನಿಮಿಷಕ್ಕೂ ಹೆಚ್ಚು ಬೇಕು. ಎಂವಿಯ ನಕ್ಷೆಯ ಮಿತಿಯೋ 256 ಚೌಕ. ಉದ್ದವೆಂಬ ಅನುಭವವನ್ನು ಉಳಿಸಿಕೊಂಡು ಉದ್ದವನ್ನು ಬಿಡಬೇಕು. 60 ಚೌಕದ ಪ್ಲಾಟ್‌ಫಾರಂ ಬರೆದು, ಅದರ ಮೇಲೆ ಒಂದೇ ಅಂತರದಲ್ಲಿ ಕಂಬಗಳನ್ನು ನಿಲ್ಲಿಸಿ, ಒಂದೇ ಥರದ ಚಹಾದ ಅಂಗಡಿಯನ್ನು ಮೂರು ಸಲ ಇಟ್ಟರೆ ನಡೆಯುವವರಿಗೆ ಅದು ಮುಗಿಯದ ಹಾಗೆ ಅನ್ನಿಸುತ್ತದೆ.

ರಸ್ತೆಗಳ ಓಟಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ನೋಡಬಹುದು. ಅದರ ಮಾಹಿತಿಯನ್ನು ಹೆಸರು ನಮೂದಿಸಿ ಬಳಸಲು ಅವಕಾಶವಿದೆ. ಬದುಕಿರುವವರ ಮನೆ, ಅಂಗಡಿಗಳನ್ನು ಗುರುತು ಸಿಗುವಂತೆ ಬರೆಯಬೇಡಿ. ಪೂಜೆ ನಡೆಯುವ ಗುಡಿ, ದರ್ಗಾ, ಮಠಗಳ ಒಳಗೆ ಕಾಳಗ ಇಡಬೇಡಿ. ಇದು ಕಾನೂನಿನ ಮಾತಲ್ಲ, ಆ ಊರಿನಲ್ಲಿ ನಾಳೆಯೂ ನಾವು ತಿರುಗಾಡಬೇಕಲ್ಲ.

## ಪಳಗಿದವರಿಗೆ

ಲಕ್ಕುಂಡಿಯಲ್ಲಿರುವಂಥ ಮೆಟ್ಟಿಲು ಬಾವಿಯನ್ನು ಟೈಲ್‌ನಲ್ಲಿ ಬರೆಯಲು ಹೋಗಿ ಸೋತೆ. ಆಳ ಬರುವುದೇ ಇಲ್ಲ

ಸೋಲಿಗೆ ಕಾರಣ ಬಹುತೇಕ ದಿಕ್ಕಿನಲ್ಲಿದೆ. ಈ ಆಟಗಳಲ್ಲಿ ನಾವು ದಕ್ಷಿಣದಲ್ಲಿ ಎತ್ತರಕ್ಕೆ ನಿಂತು ಉತ್ತರದ ಕಡೆ ಓರೆಯಾಗಿ ನೋಡುತ್ತಿರುತ್ತೇವೆ. ಪರದೆಯ ಮೇಲೆ ಕೆಳಗೆ ಸರಿಯುವುದು ಎಂದರೆ ದಕ್ಷಿಣಕ್ಕೆ ಬರುವುದೂ ಹೌದು, ಆಳಕ್ಕೆ ಇಳಿಯುವುದೂ ಹೌದು. ಬಾವಿಯ ಉತ್ತರದ ಅಂಚಿನಿಂದ ಇಳಿದರೆ ಈ ಎರಡೂ ಕೂಡಿಕೊಳ್ಳುತ್ತವೆ, ಪ್ರತಿ ಮೆಟ್ಟಿಲಿನ ಮುಖವೂ ಕಾಣುತ್ತದೆ. ದಕ್ಷಿಣದ ಅಂಚಿನಿಂದ ಇಳಿದರೆ ಒಂದನ್ನೊಂದು ಕಳೆದುಬಿಡುತ್ತವೆ, ಮೆಟ್ಟಿಲೇ ಮರೆಯಾಗುತ್ತದೆ. ಆದ್ದರಿಂದ ಮುಖ್ಯ ಮೆಟ್ಟಿಲುಗಳನ್ನು ಉತ್ತರಕ್ಕೆ ಇಡಿ, ದಕ್ಷಿಣದ ಕಡೆ ಬರೀ ಕಟ್ಟೆಯ ಅಂಚು ತೋರಿಸಿ.

ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಯ ಮುಂದೆ ಒಮ್ಮೆ ಅರ್ಧ ದಿನ ಕುಳಿತು ನೋಡಿದ್ದೇನೆ. ಅಲ್ಲಿ ಆಳದ ಭಾವನೆ ಬರುವುದು ಮೆಟ್ಟಿಲುಗಳ ಎಣಿಕೆಗಿಂತ ಹೆಚ್ಚಾಗಿ ಗೋಡೆಗಳಲ್ಲಿ ಬಿಟ್ಟ ಸಣ್ಣ ಗುಡಿಗೂಡುಗಳಿಂದ. ಮೇಲಿನ ಗೂಡಿಗೆ ಬಿಸಿಲು ಬಿದ್ದಾಗ ಕೆಳಗಿನದು ಕತ್ತಲಲ್ಲಿರುತ್ತದೆ. ಟೈಲ್‌ನಲ್ಲಿಯೂ ಹಾಗೆಯೇ ಮಾಡಿ: ಒಂದೊಂದು ಹಂತಕ್ಕೂ ಬಣ್ಣವನ್ನು ಒಂದಿಷ್ಟು ಕಡುಮಾಡುತ್ತ ಬನ್ನಿ, ನೀರಿಗೆ ಅತ್ಯಂತ ಕಡು ಬಣ್ಣ ಕೊಡಿ. ಅಂಚಿನ ಕಲ್ಲುಗಳಿಗೆ ಎಂವಿಯ ಟೈಲ್ ಹೊಂದಿಕೆಯಲ್ಲಿ ನಕ್ಷತ್ರದ ಗುರುತು ಹಾಕಿದರೆ ಅವು ಪಾತ್ರದ ಮೇಲೆ ಮುಚ್ಚಿಕೊಳ್ಳುತ್ತವೆ. ಇಳಿದವರು ನಿಜವಾಗಿ ನೆಲಮಟ್ಟಕ್ಕಿಂತ ಕೆಳಗೆ ಹೋದಂತೆ ಕಾಣುತ್ತದೆ.

ಅಂಗಡಿ ಫಲಕದಲ್ಲಿ ಕನ್ನಡ ಅಕ್ಷರ ಒಡೆದು ಬರುತ್ತವೆ. ಸರಿಮಾಡುವುದು ಹೇಗೆ?

ಎಂವಿಯ ಸಂಭಾಷಣೆಯ ಕಿಟಕಿ ಅಕ್ಷರಗಳನ್ನು ಒಂದೊಂದಾಗಿ ಬರೆಯುತ್ತದೆ. ಕನ್ನಡದಲ್ಲಿ ಒತ್ತು, ಗುಣಿತಗಳು ಹಿಂದಿನ ಅಕ್ಷರದೊಡನೆ ಕೂಡಿಯೇ ರೂಪ ಪಡೆಯುವುದರಿಂದ ‘ಹುಬ್ಬಳ್ಳಿ’ ಎಂಬ ಪದ ಚೂರುಚೂರಾಗುತ್ತದೆ. ಇಡೀ ಪದವನ್ನು ಒಮ್ಮೆಗೆ ಬರೆಸುವ ಪ್ಲಗಿನ್ (ಎಂವಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಬಳಸಬೇಕು. ಗೋಡೋದ 4ನೇ ಆವೃತ್ತಿಯಲ್ಲಿ ಈ ತೊಂದರೆ ಇಲ್ಲ. ಯೂನಿಟಿ ಎಂಬ ಇನ್ನೊಂದು ಎಂಜಿನ್‌ನಲ್ಲಿ ಅಕ್ಷರ ಬರೆಯುವ ಸಲಕರಣೆಯಾದ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಒತ್ತಕ್ಷರಗಳು ತಾವಾಗಿ ಕೂಡಿಕೊಳ್ಳುವುದಿಲ್ಲ.

ಫಲಕಗಳನ್ನಂತೂ ಚಿತ್ರವಾಗಿಯೇ ಬರೆದುಬಿಡಿ. ಒತ್ತಕ್ಷರಕ್ಕೆ ಕೆಳಗಡೆಯೂ ಜಾಗ ಬೇಕಾದ್ದರಿಂದ 48 ಪಿಕ್ಸೆಲ್‌ನ ಒಂದು ಚೌಕದಲ್ಲಿ ಒಂದೇ ಸಾಲು ಹಿಡಿಸುತ್ತದೆ. ‘ಕಿರಾಣಿ’, ‘ಖಾನಾವಳಿ’, ‘ಮದ್ದು’ ಎಂಬ ಚಿಕ್ಕ ಪದಗಳನ್ನು ಆರಿಸಿ, ಫಲಕಕ್ಕೆ ಎರಡು ಮೂರು ಚೌಕ ಅಗಲ ಕೊಡಿ. ನಮ್ಮ ಲಿಪಿಯನ್ನು ಓದಲು ಬಾರದಷ್ಟು ಕುಗ್ಗಿಸಿ ಅಲಂಕಾರಕ್ಕೆ ಇಡುವುದು ನನಗೆ ಸಹನೆಯಾಗುವುದಿಲ್ಲ.

ಮೂರು ಆಯಾಮದ ನಗರದಲ್ಲಿ ಆಟ ತಡೆದು ತಡೆದು ಓಡುತ್ತದೆ. ನಕ್ಷೆಯಲ್ಲಿ ಏನಾದರೂ ಮಾಡಬಹುದೇ?

ಬಹಳಷ್ಟು ಮಾಡಬಹುದು. ನೇರವಾದ ಉದ್ದನೆಯ ಬೀದಿಯಲ್ಲಿ ನಿಂತವರಿಗೆ ಕೊನೆಯ ಮನೆಯವರೆಗೆ ಎಲ್ಲವೂ ಕಾಣುತ್ತದೆ, ಕಂಪ್ಯೂಟರ್ ಅದನ್ನೆಲ್ಲ ಬರೆಯಲೇಬೇಕು. 30 ಹೆಜ್ಜೆಗೊಮ್ಮೆ ಓಣಿ ಬಾಗಿದರೆ ಗೋಡೆಯ ಆಚೆಗಿನದನ್ನು ಬರೆಯದೆ ಬಿಡಲು ಎಂಜಿನ್‌ಗೆ ಅವಕಾಶ ಸಿಗುತ್ತದೆ. 2011ರ ಸ್ಕೈರಿಮ್ ಎಂಬ ಆಟದಲ್ಲಿ ಗೋಡೆ ಸುತ್ತಿದ ದೊಡ್ಡ ನಗರಗಳು ಹೊರಗಿನ ಬಯಲಿನಿಂದ ಬೇರೆಯಾದ ಜಾಗಗಳು, ಹೆಬ್ಬಾಗಿಲನ್ನು ತೆರೆದಾಗ ಮಾತ್ರ ಅವು ಲೋಡ್ ಆಗುತ್ತವೆ. ಬಾಗಿಲಿನ ಬಳಿ ತಡೆಯಬಾರದೆಂದಿದ್ದರೆ ದಖ್ಖನಿನ ಅನೇಕ ಕೋಟೆಗಳಲ್ಲಿರುವಂತೆ ಎರಡು ಸಲ ತಿರುಗುವ ಪ್ರವೇಶ ಬರೆಯಿರಿ. ಆನೆಗಳೂ ಸೈನಿಕರೂ ಒಂದೇ ಓಟದಲ್ಲಿ ಬಂದು ಬಾಗಿಲಿಗೆ ಅಪ್ಪಳಿಸದಂತೆ ಕಟ್ಟಿದ ಆ ತಿರುವುಗಳು, ಹೊರಗಿನದನ್ನು ಮರೆಮಾಡಿ ಒಳಗಿನದನ್ನು ಲೋಡ್ ಮಾಡಲು ನಿಮಗೆ ನಾಲ್ಕಾರು ಸೆಕೆಂಡು ದೊರಕಿಸುತ್ತವೆ.

ಊರಿನ ಮಂದಿಗೆ ದಿನಚರಿ ಕೊಟ್ಟೆ. ಅರ್ಧ ದಾರಿಯಲ್ಲಿ ಗೋಡೆಗೆ ಮುಖ ಹಚ್ಚಿ ನಿಲ್ಲುತ್ತಾರೆ

ದಾರಿ ಹುಡುಕಲು ಹೆಚ್ಚಿನ ಆಟಗಳು 1968ರಲ್ಲಿ ಪ್ರಕಟವಾದ ಎ ಸ್ಟಾರ್ ಎಂಬ ವಿಧಾನವನ್ನೇ ಬಳಸುತ್ತವೆ. ಎಂವಿಯಲ್ಲಿ ಅದರ ಹುಡುಕಾಟಕ್ಕೆ 12 ಚೌಕದ ಮಿತಿ ಇದೆ. ಮನೆಯಿಂದ ಹೊಲಕ್ಕೆ ಒಮ್ಮೆಲೆ ಕಳಿಸುವ ಬದಲು ಬಾವಿ, ಕಟ್ಟೆ, ಅಗಸಿ ಎಂದು ಹತ್ತು ಚೌಕಕ್ಕೊಂದು ತಂಗುದಾಣ ಕೊಡಿ. ಮನುಷ್ಯರು ನಡೆಯುವುದೂ ಹಾಗೆಯೇ. ಬಾವಿಯ ಬಳಿ ಒಂದು ಕ್ಷಣ ನಿಂತು ಮುಂದೆ ಹೋದರೆ ತೊಂದರೆಯೂ ನೀಗಿತು, ನಡಿಗೆಗೂ ಜೀವ ಬಂತು.

ನಕ್ಷೆ ಮುಗೀತು ಅಂತ ಹೆಂಗ ಗೊತ್ತಾಗತದ್ರಿ?

ಆಟವನ್ನು ಮೊದಲ ಸಲ ನೋಡುವವರೊಬ್ಬರನ್ನು ಕೂರಿಸಿ, ಹತ್ತು ನಿಮಿಷ ಊರಿನಲ್ಲಿ ತಿರುಗಾಡಲು ಬಿಡಿ, ಬಾಯಿ ಬಿಚ್ಚಬೇಡಿ. ಆಮೇಲೆ ಪರದೆ ಮುಚ್ಚಿ, ಕೈಗೆ ಹಾಳೆ ಮತ್ತು ಪೆನ್ಸಿಲ್ ಕೊಟ್ಟು ಊರನ್ನು ಬರೆಯಲು ಹೇಳಿ. ಅಳತೆ ತಪ್ಪಿದರೆ ತಪ್ಪಲಿ. ಅಗಸಿ, ನೀರು, ಪೇಟೆ, ಛತ್ರ ಈ ನಾಲ್ಕು ಸರಿಯಾದ ಕ್ರಮದಲ್ಲಿ ಬಂದರೆ ದಾರಿಗಳು ಸರಿಯಾಗಿವೆ. ಯಾವುದಾದರೂ ಓಣಿ ಅವರ ಹಾಳೆಯಲ್ಲಿ ಬಾರದೇ ಹೋದರೆ ಎರಡನೆಯವರಿಂದ ಬರೆಸಿ, ಮೂರನೆಯವರಿಂದ ಬರೆಸಿ. ಮೂವರ ಹಾಳೆಯಲ್ಲಿಯೂ ಆ ಓಣಿ ಇಲ್ಲದಿದ್ದರೆ ಅದರಲ್ಲಿ ಏನಾದರೂ ನಡೆಯುವಂತೆ ಮಾಡಿ, ಇಲ್ಲವೇ ಅದನ್ನು ಅಳಿಸಿ ಅಕ್ಕಪಕ್ಕದ ಮನೆಗಳನ್ನು ಕೂಡಿಸಿಬಿಡಿ.